ಎಂಟು ಮಹಾನಗರ, ಒಂದೇ ಕಡತ: ಜನ ಮತ್ತು ದುಡ್ಡಿನ ಲೆಕ್ಕ ಜೋಡಿಸಿದ್ದು ಹೀಗೆ

2001ರ ಜನಗಣತಿಯಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯ ಜನಸಂಖ್ಯೆ 43,01,326. 2011ರಲ್ಲಿ ಪಾಲಿಕೆಯ ಜನಸಂಖ್ಯೆ 84,43,675. ಪಕ್ಕಪಕ್ಕ ಇಟ್ಟು ನೋಡಿದರೆ ಹತ್ತೇ ವರ್ಷದಲ್ಲಿ ಶೇ. 96 ಏರಿಕೆ. ಈ ಮಾತನ್ನು ಭಾಷಣಗಳಲ್ಲಿ ಕೇಳಿದ್ದೇನೆ, ವಾಟ್ಸಾಪ್‌ನಲ್ಲೂ ಓದಿದ್ದೇನೆ. ಎರಡೂ ಅಂಕಿ ಸರಿಯೇ. ಹೋಲಿಕೆ ಮಾತ್ರ ತಪ್ಪು. ನಡುವೆ 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳು ಸೇರಿಕೊಂಡು ಪಾಲಿಕೆ ‘ಬೃಹತ್’ ಆಯಿತು. 226 ಚದರ ಕಿ.ಮೀ. ಇದ್ದದ್ದು 700 ದಾಟಿತು. ಏರಿಕೆಯಲ್ಲಿ ಒಂದಷ್ಟು ಜನ ಹೆಚ್ಚಿದ್ದರಿಂದ, ಇನ್ನೊಂದಷ್ಟು ಗಡಿಯೇ ಜನರ ಹತ್ತಿರ ಹೋದದ್ದರಿಂದ. ಇಡೀ ಜಿಲ್ಲೆಯ ಲೆಕ್ಕ ಹಿಡಿದರೆ 65,37,124ರಿಂದ 96,21,551. ಅಂದರೆ ಶೇ. 47.

ಇಂಥ ಹೋಲಿಕೆಗಳು ನುಸುಳದ ಹಾಗೆ ಒಂದು ಸಣ್ಣ ಡೇಟಾಬೇಸ್ ಕಟ್ಟಿದ್ದೇನೆ. ಅದು ಹೇಗೆ ಅಂತ ಇಲ್ಲಿ ಬರೆದಿಡುತ್ತಿದ್ದೇನೆ. ಅಕ್ಕನ ಮಗಳಿಗೆ ಎಂ.ಎ. ಅರ್ಥಶಾಸ್ತ್ರದ ಪ್ರಾಜೆಕ್ಟಿಗೆ ಎಂಟು ದೊಡ್ಡ ನಗರಗಳ ಜನಸಂಖ್ಯೆ, ಸಾಕ್ಷರತೆ, ಆದಾಯ ಎಲ್ಲವೂ ಬೇಕಿತ್ತು. ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈ, ಬೆಂಗಳೂರು, ಹೈದರಾಬಾದ್, ಅಹಮದಾಬಾದ್, ಪುಣೆ. ‘ಎಲ್ಲಾ ನೆಟ್‌ನಲ್ಲೇ ಇರುತ್ತೆ ಮಾಮ, ಒಂದು ಎಕ್ಸೆಲ್ ಶೀಟಿಗೆ ಹಾಕ್ಕೊಟ್ರೆ ಸಾಕು’ ಅಂದಳು. ಇರುವುದೇನೋ ನಿಜ. ಆದರೆ ಐದು ಕಡೆ ಹುಡುಕಿದರೆ ಐದು ಬೆಂಗಳೂರು ಸಿಗುತ್ತವೆ.

ಯಾವ ಬೆಂಗಳೂರು?

2011ರ ಗಣತಿ ಒಂದನ್ನೇ ನೋಡಿ. ಪಾಲಿಕೆ 84,43,675. ಗಣತಿಯವರು ಅರ್ಬನ್ ಅಗ್ಲೋಮರೇಶನ್ ಅನ್ನುವುದು, ಅಂದರೆ ಊರು ಮತ್ತು ಅದಕ್ಕೆ ಅಂಟಿಕೊಂಡೇ ಬೆಳೆದ ಪಟ್ಟಣಗಳು, 85,20,435. ಇದನ್ನು ಮುಂದೆ ‘ಯುಎ’ ಅಂತಲೇ ಕರೆಯುತ್ತೇನೆ. ಬೆಂಗಳೂರು ನಗರ ಜಿಲ್ಲೆ 96,21,551. ಆ ಜಿಲ್ಲೆಯ ನಗರವಾಸಿಗಳು ಮಾತ್ರ ಅಂದರೆ 87,49,944. ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರದ (ಬಿಎಂಆರ್‌ಡಿಎ) ವ್ಯಾಪ್ತಿ, ಅಂದರೆ ಬೆಂಗಳೂರು ನಗರ, ಗ್ರಾಮಾಂತರ, ರಾಮನಗರ ಮೂರೂ ಜಿಲ್ಲೆ ಕೂಡಿಸಿದರೆ 1,16,95,110. ಐದೂ ಬೆಂಗಳೂರೇ. ಚಿಕ್ಕದಕ್ಕೂ ದೊಡ್ಡದಕ್ಕೂ 32 ಲಕ್ಷ ಜನರ ಅಂತರ.

ಕಾನೂನಿನ ಪ್ರಕಾರ ಮಹಾನಗರ ಪ್ರದೇಶ ಯಾವುದು ಅಂತ ಕೇಳಿದರೆ, ಸಂವಿಧಾನದ 74ನೇ ತಿದ್ದುಪಡಿಯಲ್ಲಿ ಉತ್ತರ ಇದೆ: 10 ಲಕ್ಷ ಅಥವಾ ಜಾಸ್ತಿ ಜನ ಇರಬೇಕು, ಒಂದಕ್ಕಿಂತ ಹೆಚ್ಚು ಸ್ಥಳೀಯ ಸಂಸ್ಥೆ ಇರಬೇಕು, ರಾಜ್ಯಪಾಲರು ಅಧಿಸೂಚನೆ ಹೊರಡಿಸಬೇಕು. ಗಣತಿಯವರಿಗೆ ಅಧಿಸೂಚನೆಯ ಹಂಗಿಲ್ಲ. 10 ಲಕ್ಷ ದಾಟಿದ ಊರುಗಳು 2011ರಲ್ಲಿ ದೇಶದಲ್ಲಿ 53 ಇದ್ದವು. ಕರ್ನಾಟಕದಿಂದ ಬೆಂಗಳೂರು ಒಂದೇ. ಮೈಸೂರು 9,90,900ಕ್ಕೆ ನಿಂತು ಸ್ವಲ್ಪದರಲ್ಲಿ ತಪ್ಪಿಸಿಕೊಂಡಿತು.

ಎಂಟೂ ಊರಿಗೆ ಒಂದೇ ಬಗೆಯ ಗಡಿ ಹಿಡಿಯದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಚೆನ್ನೈ ಒಳ್ಳೆಯ ಉದಾಹರಣೆ. 2011ರ ಗಣತಿಯಲ್ಲಿ ಚೆನ್ನೈ ಕಾರ್ಪೊರೇಷನ್ 46,46,732. ಬೆಂಗಳೂರು ಪಾಲಿಕೆ 84 ಲಕ್ಷ. ‘ನಮ್ಮೂರು ಚೆನ್ನೈಗಿಂತ ಹೆಚ್ಚುಕಮ್ಮಿ ಎರಡರಷ್ಟು’ ಅಂತ ಯಾರಾದರೂ ಎದೆ ಉಬ್ಬಿಸಬಹುದು. ಆದರೆ ಚೆನ್ನೈನ ಗಡಿ ಹಿಗ್ಗಿದ್ದು ಗಣತಿ ಮುಗಿದ ಮೇಲೆ, ಅದೇ ವರ್ಷದ ಕೊನೆಗೆ. ನಮ್ಮದು ಗಣತಿಗೆ ಮುಂಚೆಯೇ ಹಿಗ್ಗಿತ್ತು. ಯುಎ ನೋಡಿ: ಚೆನ್ನೈ 86,53,521, ಬೆಂಗಳೂರು 85,20,435. ಚೆನ್ನೈಯೇ ಒಂದು ಕೂದಲೆಳೆ ಮುಂದೆ.

ಇನ್ನೊಂದು ತೊಡಕು. 2011ರ ಅಂಕಿಗಳಿಗೆ ಎರಡು ಆವೃತ್ತಿ ಇವೆ. ಮೊದಲು ಬಂದದ್ದು ತಾತ್ಕಾಲಿಕ, ಆಮೇಲೆ ಬಂದದ್ದು ಅಂತಿಮ. ಬೆಂಗಳೂರು ಯುಎಯ ತಾತ್ಕಾಲಿಕ ಅಂಕಿ 84,99,399, ಚೆನ್ನೈಯದು 86,96,010. ಒಂದೂರಿಗೆ ತಾತ್ಕಾಲಿಕ, ಇನ್ನೊಂದೂರಿಗೆ ಅಂತಿಮ ಹಾಕಿದ ಕೋಷ್ಟಕಗಳು ಎಲ್ಲೆಲ್ಲೂ ಓಡಾಡುತ್ತಿವೆ. ಎರಡೂ ಊರಿಗೆ ತಾತ್ಕಾಲಿಕ ಹಿಡಿದರೆ ಅಂತರ 1,96,611. ಅಂತಿಮ ಹಿಡಿದರೆ 1,33,086. ಹಾಗಾಗಿ ಪ್ರತಿ ಅಂಕಿಯ ಪಕ್ಕ ‘ಆವೃತ್ತಿ’ ಅಂತ ಒಂದು ಕಾಲಂ ಕಡ್ಡಾಯ ಮಾಡಿದೆ.

ರಾಜ್ಯದ ಗಡಿ ಬಂದರಂತೂ ಕಥೆಯೇ ಬೇರೆ. ದೆಹಲಿ ಯುಎಯಲ್ಲಿ ಗುರುಗ್ರಾಮ, ನೋಯ್ಡಾ, ಗಾಜಿಯಾಬಾದ್ ಯಾವುದೂ ಇಲ್ಲ. ನಮ್ಮಲ್ಲಿ ಹೊಸೂರಿನ ಪಾಡೂ ಅದೇ. ಅತ್ತಿಬೆಲೆ ದಾಟಿ ಬೆಳಗ್ಗೆ ಎಲೆಕ್ಟ್ರಾನಿಕ್ ಸಿಟಿಗೆ ಬರುವವರನ್ನು ದಿನಾ ನೋಡುತ್ತೇವೆ, ಅಲ್ವಾ? ಲೆಕ್ಕದಲ್ಲಿ ಅವರು ಕೃಷ್ಣಗಿರಿ ಜಿಲ್ಲೆಯವರು.

ಕಡತದ ಅಸ್ಥಿಪಂಜರ

ಎಕ್ಸೆಲ್ ಶೀಟಿನಲ್ಲಿ ‘ಬೆಂಗಳೂರು’ ಅಂತ ಒಂದು ಸಾಲು ಹಾಕಿ ಅದರ ಮುಂದೆ ಅಂಕಿ ತುಂಬುವ ಆಲೋಚನೆಯನ್ನು ಮೊದಲೇ ಕೈಬಿಟ್ಟೆ. ಅಮೆರಿಕದವರು ಮಾಡುವ ರೀತಿ ನನಗೆ ಹಿಡಿಸಿತು. ಅಲ್ಲಿ ಮೆಟ್ರೋಪಾಲಿಟನ್ ಪ್ರದೇಶ ಅಂದರೆ ಕೌಂಟಿಗಳ (ನಮ್ಮ ಜಿಲ್ಲೆಯಂಥವು) ಪಟ್ಟಿ, ಅಷ್ಟೇ. ನಡುವಿನ ನಗರ ಭಾಗದಲ್ಲಿ ಕನಿಷ್ಠ 50,000 ಜನ ಇರಬೇಕು. ಪಕ್ಕದ ಕೌಂಟಿಯ ದುಡಿಯುವವರಲ್ಲಿ ಶೇ. 25 ಮಂದಿ ಅಲ್ಲಿಗೆ ಕೆಲಸಕ್ಕೆ ಹೋಗುತ್ತಿದ್ದರೆ ಆ ಕೌಂಟಿಯೂ ಸೇರುತ್ತದೆ. 2023ರ ಜುಲೈನಲ್ಲಿ ಪಟ್ಟಿ ಬದಲಾಯಿತು. ಕೌಂಟಿವಾರು ಅಂಕಿ ಕೈಯಲ್ಲಿರುವುದರಿಂದ ಹಳೆಯ ವರ್ಷಗಳನ್ನೂ ಹೊಸ ಪಟ್ಟಿಯಂತೆ ಕೂಡಿಸಿಕೊಳ್ಳಬಹುದು. ನಾನು ಅಲ್ಲಿಂದ ತೆಗೆದುಕೊಂಡದ್ದು ಇಷ್ಟನ್ನೇ: ಊರನ್ನು ಅಂಕಿಯಾಗಿ ಇಡಬಾರದು, ಪಟ್ಟಿಯಾಗಿ ಇಡಬೇಕು.

ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸ್ ತಂತ್ರಾಂಶದಲ್ಲಿ ಮೂರು ಕೋಷ್ಟಕ ಮಾಡಿದೆ. ‘ಘಟಕ’ದಲ್ಲಿ ಜಿಲ್ಲೆ, ತಾಲ್ಲೂಕು, ಪಟ್ಟಣ, ವಾರ್ಡು, ಹೀಗೆ ಬೇರೆ ಬೇರೆ ಹಂತದ ತುಂಡುಗಳು. ‘ಗಡಿ’ಯಲ್ಲಿ ಯಾವ ತುಂಡು ಯಾವ ಬೆಂಗಳೂರಿಗೆ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಸೇರಿತ್ತು ಅನ್ನುವುದು. ‘ಅಳತೆ’ಯಲ್ಲಿ ಅಂಕಿ, ವರ್ಷ, ಆವೃತ್ತಿ, ಮೂಲ. ಎಸ್‌ಕ್ಯೂಲೈಟ್ ಕನ್ನಡದ ಕಾಲಂ ಹೆಸರುಗಳನ್ನು ತಕರಾರಿಲ್ಲದೆ ಒಪ್ಪುತ್ತದೆ. ಸುಮ್ನೆ ಖುಷಿಗೆ ಎಲ್ಲವನ್ನೂ ಕನ್ನಡದಲ್ಲೇ ಇಟ್ಟೆ.

ಈಗ ‘2001ರ ಪಾಲಿಕೆಯನ್ನು 2011ರ ಗಡಿಗೆ ಹೊಂದಿಸಿ ಕೊಡು’ ಅಂದರೆ ಕಡತ ಬೊಮ್ಮನಹಳ್ಳಿ, ಕೆ.ಆರ್. ಪುರ, ಮಹದೇವಪುರ, ಬ್ಯಾಟರಾಯನಪುರ, ಯಲಹಂಕ, ದಾಸರಹಳ್ಳಿ, ರಾಜರಾಜೇಶ್ವರಿ ನಗರ ನಗರಸಭೆಗಳನ್ನೂ ಕೆಂಗೇರಿ ಪುರಸಭೆಯನ್ನೂ ಹಳ್ಳಿಗಳನ್ನೂ ಹುಡುಕಿ ಕೂಡಿಸುತ್ತದೆ. ರಾಜರಾಜೇಶ್ವರಿ ನಗರ 2001ರ ಗಣತಿಯಲ್ಲಿ ಪಟ್ಟಣಗೆರೆ ಅನ್ನುವ ಹೆಸರಿನಲ್ಲಿದೆ. ಹೆಸರು ನಂಬಿ ಹುಡುಕಿದರೆ ಸಿಗುವುದಿಲ್ಲ.

ಹಿಂದಕ್ಕೆ ಹೋದಷ್ಟೂ ಇದೇ ಪಾಡು. 1949ರವರೆಗೆ ಪೇಟೆ ಕಡೆಯ ಬೆಂಗಳೂರು ಮತ್ತು ದಂಡು ಪ್ರದೇಶ ಎರಡೂ ಬೇರೆ ಬೇರೆ ಪುರಸಭೆ. ಹಳೆಯ ಗಣತಿಯಲ್ಲಿ ಎರಡು ಸಾಲು ಇರುತ್ತವೆ. ಒಂದನ್ನೇ ಎತ್ತಿಕೊಂಡರೆ ಅರ್ಧ ಊರು ಮಾಯ. ಪ್ರಾಜೆಕ್ಟಿಗೆ ಅಷ್ಟು ಹಿಂದೆ ಬೇಕಿರಲಿಲ್ಲ. 1981ರಿಂದ ಸಾಕು ಅಂತ ತೀರ್ಮಾನವಾಯಿತು. ಬೆಂಗಳೂರು ಯುಎ ಆಗ 29,21,751. 1991ರಲ್ಲಿ 41,30,288. 2001ರಲ್ಲಿ 57,01,446.

ಹೆಸರುಗಳ ರಗಳೆ

ಸಮಯ ಜಾಸ್ತಿ ತಿಂದದ್ದು ಇದು. ‘ಬೆಂಗಳೂರು ದಕ್ಷಿಣ’ ಅಂತ ಒಂದು ತಾಲ್ಲೂಕಿದೆ. ಅದೇ ಹೆಸರಿನ ಲೋಕಸಭಾ ಕ್ಷೇತ್ರ ಇದೆ. 2025ರಲ್ಲಿ ರಾಮನಗರ ಜಿಲ್ಲೆಗೂ ಅದೇ ಹೆಸರು ಬಂತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಐದು ಹೊಸ ಪಾಲಿಕೆಗಳು ಹುಟ್ಟಿದಾಗ ಒಂದಕ್ಕೆ ಮತ್ತೆ ಅದೇ ಹೆಸರು. ನಾಲ್ಕು ಬೇರೆ ಜಾಗ, ನಾಲ್ಕು ಬೇರೆ ಜನಸಂಖ್ಯೆ. ಇದಕ್ಕೆ ಮದ್ದು ಒಂದೇ, ಗಣತಿಯ ಸಂಕೇತ ಸಂಖ್ಯೆ. 2011ರ ಪಟ್ಟಿಯಲ್ಲಿ ಬೆಂಗಳೂರು ನಗರ ಜಿಲ್ಲೆ 572, ಗ್ರಾಮಾಂತರ 583, ರಾಮನಗರ 584. ಹೆಸರು ಎಷ್ಟು ಸಲ ಬದಲಾದರೂ ಈ ಸಂಖ್ಯೆ ಕದಲುವುದಿಲ್ಲ.

ಸಂಕೇತವನ್ನು ಅಕ್ಷರ ರೂಪದಲ್ಲಿ ಇಡಬೇಕು, ಸಂಖ್ಯೆಯಾಗಿ ಅಲ್ಲ. ದೆಹಲಿಯ ರಾಜ್ಯ ಸಂಕೇತ 07. ಸಿಎಸ್‌ವಿ ಕಡತವನ್ನು, ಅಂದರೆ ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯದ ಕೋಷ್ಟಕವನ್ನು, ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದ ತಕ್ಷಣ ಅದು 7 ಆಗಿಬಿಡುತ್ತದೆ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಪಾಂಡಾಸ್ ಸಲಕರಣೆಯಲ್ಲಿ ಓದುವಾಗಲೇ ಆ ಕಾಲಂ ಅಕ್ಷರ ಅಂತ ಹೇಳಿಬಿಟ್ಟರೆ ತಲೆನೋವಿಲ್ಲ.

ಇನ್ನು ಕನ್ನಡದಲ್ಲೇ ಇರುವ ಸರ್ಕಾರಿ ಪಿಡಿಎಫ್‌ಗಳು. ಜಿಲ್ಲಾ ಅಂಕಿ ಅಂಶಗಳ ಪುಸ್ತಕಗಳಲ್ಲಿ ತಾಲ್ಲೂಕುವಾರು ಒಳ್ಳೆಯ ಮಾಹಿತಿ ಇರುತ್ತದೆ. ಆದರೆ ಹಳೆಯವು ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಇರುತ್ತವೆ, ಯೂನಿಕೋಡ್ ಅಲ್ಲ. ಕಣ್ಣಿಗೆ ‘ಆನೇಕಲ್’ ಅಂತ ಕಾಣುತ್ತದೆ, ಕಾಪಿ ಮಾಡಿದರೆ ಬಾಲ ಕೊಂಬು ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ ಬರುತ್ತದೆ. ಪರಿವರ್ತಕಗಳು ಬಿಟ್ಟಿ ಸಿಗುತ್ತವೆ, ಕೆಲಸವನ್ನೂ ಮಾಡುತ್ತವೆ. ಪಿಡಿಎಫ್‌ನಿಂದ ಕಿತ್ತ ಪಠ್ಯದಲ್ಲಿ ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಮಾತ್ರ ಒಮ್ಮೊಮ್ಮೆ ಎಡವುತ್ತವೆ. ಹೆಸರು ಕೆಟ್ಟರೂ ಅಂಕಿ ಕೆಡುವುದಿಲ್ಲ ಅನ್ನುವುದೇ ಸಮಾಧಾನ.

ಎಲ್ಲಕ್ಕಿಂತ ತಂಟೆಕೋರ ಇನ್ನೊಬ್ಬ ಇದ್ದಾನೆ. ಈ ಎರಡನ್ನು ನೋಡಿ: ‘ಬೆಂಗಳೂರು’, ‘ಬೆ೦ಗಳೂರು’. ಒಂದೇ ಅಲ್ವಾ? ಅಲ್ಲ. ಎರಡನೆಯದರಲ್ಲಿ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಕೂತಿದೆ. ಟೈಪ್ ಮಾಡುವಾಗ ಸೊನ್ನೆ ಒತ್ತಿಬಿಡುವುದು ಬಹಳ ಹಳೆಯ ಅಭ್ಯಾಸ. ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ, ಕಂಪ್ಯೂಟರಿಗೆ ಮಾತ್ರ ಎರಡೂ ಬೇರೆ ಊರು. ಕೋಷ್ಟಕ ಜೋಡಿಸಿದಾಗ ಸಾಲುಗಳು ಸದ್ದಿಲ್ಲದೆ ಉದುರಿಹೋಗುತ್ತವೆ. ಪರಿಹಾರ ಸರಳ: ಎಡಬಲದಲ್ಲಿ ಅಕ್ಷರಗಳಿರುವ ಸೊನ್ನೆಯನ್ನು ಅನುಸ್ವಾರ ಮಾಡು, ಅಂಕಿಗಳಿರುವ ಸೊನ್ನೆಯನ್ನು ಮುಟ್ಟಬೇಡ. ಪಠ್ಯದಲ್ಲಿ ಮಾದರಿ ಹುಡುಕಿ ಬದಲಿಸುವ ರೆಗೆಕ್ಸ್‌ನ ಒಂದು ಸಾಲು. ಕನ್ನಡ ಅಂಕಿಗಳ ಬಗ್ಗೆ ಮಾತ್ರ ಚಿಂತೆ ಬೇಡ. ಪೈಥಾನ್ ‘೧೨೩’ ಅನ್ನು ಹಾಗೇ ಓದಿ 123 ಅಂತ ಸಂಖ್ಯೆ ಮಾಡಿಕೊಳ್ಳುತ್ತದೆ.

ದುಡ್ಡಿನ ಲೆಕ್ಕ

ಜನಸಂಖ್ಯೆ ಇಷ್ಟು ಕಾಡಿದ ಮೇಲೆ ಆದಾಯ ಸುಮ್ಮನಿರುತ್ತದೆಯೇ? ನಮ್ಮಲ್ಲಿ ಮಹಾನಗರದ ಜಿಡಿಪಿ ಅಂತ ಅಧಿಕೃತವಾಗಿ ಯಾರೂ ಕೊಡುವುದಿಲ್ಲ. ಸಿಗುವುದು ಜಿಲ್ಲಾ ಆದಾಯ. ಕರ್ನಾಟಕದಲ್ಲಿ ಅದನ್ನು ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ ಲೆಕ್ಕ ಹಾಕುತ್ತದೆ, ರಾಜ್ಯದ ಆರ್ಥಿಕ ಸಮೀಕ್ಷೆಯಲ್ಲಿ ಪ್ರಕಟವಾಗುತ್ತದೆ. ರಾಜ್ಯದ ಆದಾಯದಲ್ಲಿ ಬೆಂಗಳೂರು ನಗರ ಜಿಲ್ಲೆ ಒಂದರದ್ದೇ ಮೂರನೇ ಒಂದು ಪಾಲಿಗಿಂತ ಜಾಸ್ತಿ.

ಈ ಅಂಕಿ ಹೇಗೆ ಹುಟ್ಟುತ್ತದೆ ಅನ್ನುವುದು ತಿಳಿದಿರಬೇಕು. ಬೆಳೆಯಂಥ ಬಾಬುಗಳಿಗೆ ಜಿಲ್ಲೆಯ ಉತ್ಪಾದನೆಯಿಂದಲೇ ಲೆಕ್ಕ. ಸೇವೆಗಳ ಎಷ್ಟೋ ಬಾಬುಗಳಿಗೆ ಹಾಗಲ್ಲ. ರಾಜ್ಯದ ಮೊತ್ತವನ್ನು ಕೆಲಸಗಾರರ ಸಂಖ್ಯೆಯಂಥ ಸೂಚಕ ಇಟ್ಟುಕೊಂಡು ಜಿಲ್ಲೆಗಳಿಗೆ ಹಂಚುತ್ತಾರೆ. ಅಂದರೆ ಬೆಂಗಳೂರಿನ ಸಾಫ್ಟ್‌ವೇರ್ ಆದಾಯ ಅಂತ ಕಾಣುವುದರಲ್ಲಿ ಒಂದಷ್ಟು ಹಂಚಿಕೆಯ ಸೂತ್ರದ ಕೈಚಳಕವೂ ಇದೆ. ಜೊತೆಗೆ ಆದಾಯ ಎಣಿಕೆಯಾಗುವುದು ಅದು ಹುಟ್ಟಿದ ಜಾಗದಲ್ಲಿ. ದುಡಿದವರು ಮಲಗುವ ಜಾಗದಲ್ಲಿ ಅಲ್ಲ. ಹೊಸೂರಿನಿಂದ ಬಂದವರ ದುಡಿಮೆ ಬೆಂಗಳೂರಿನ ಖಾತೆಗೆ, ತಲೆ ಮಾತ್ರ ಕೃಷ್ಣಗಿರಿಯ ಖಾತೆಗೆ. ತಲಾ ಆದಾಯ ಉಬ್ಬುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು ತಮಾಷೆ: 2008ರಲ್ಲಿ ಶುರುವಾದ ವಿಮಾನ ನಿಲ್ದಾಣ ದೇವನಹಳ್ಳಿ ತಾಲ್ಲೂಕಿನಲ್ಲಿದೆ. ಹಾಗಾಗಿ ಲೆಕ್ಕದಲ್ಲಿ ಅದು ಗ್ರಾಮಾಂತರ ಜಿಲ್ಲೆಯ ಆಸ್ತಿ.

ಭಾಗಲಬ್ಧದ ತಪ್ಪು ಎಲ್ಲರ ಕೈಯಲ್ಲೂ ಕಾಣುತ್ತದೆ. ಜಿಲ್ಲೆಯ ಆದಾಯವನ್ನು ಯುಎ ಜನಸಂಖ್ಯೆಯಿಂದ ಭಾಗಿಸಿಬಿಡುತ್ತಾರೆ. 96 ಲಕ್ಷ ಜನರ ದುಡ್ಡನ್ನು 85 ಲಕ್ಷ ಜನರಿಗೆ ಹಂಚಿದರೆ ತಲಾ ಆದಾಯ ಸುಮ್ಸುಮ್ನೆ ಶೇ. 13ರಷ್ಟು ಏರುತ್ತದೆ. ಕಡತದಲ್ಲಿ ಇದಕ್ಕೆ ಒಂದು ಬೀಗ ಹಾಕಿದ್ದೇನೆ. ಎರಡು ಅಳತೆಗಳ ಗಡಿ ಒಂದೇ ಇಲ್ಲದಿದ್ದರೆ ಭಾಗಾಕಾರವೇ ನಡೆಯುವುದಿಲ್ಲ, ಕೆಂಪು ಸಂದೇಶ ಬರುತ್ತದೆ. ಅಕ್ಕನ ಮಗಳು ಮೊದಲು ಬೈದುಕೊಂಡಳು. ‘ಏನು ಮಾಮ ಇದು, ಏನು ಕೇಳಿದ್ರೂ ಆಗಲ್ಲ ಅನ್ನುತ್ತೆ.’ ಅನ್ನಲಿ ಅಂತಲೇ ಇಟ್ಟದ್ದು.

ಉಳಿದ ಕಾಟಗಳು ಸಣ್ಣವು. ಒಂದು ವರ್ಷದ ಕೋಷ್ಟಕ ಲಕ್ಷ ರೂಪಾಯಿಯಲ್ಲಿ, ಮುಂದಿನದು ಕೋಟಿಯಲ್ಲಿ. ಚಾಲ್ತಿ ಬೆಲೆ (ಆಯಾ ವರ್ಷದ ದರ), ಸ್ಥಿರ ಬೆಲೆ (ಆಧಾರ ವರ್ಷದ ದರ) ಎರಡೂ ಅಕ್ಕಪಕ್ಕ. ಆಧಾರ ವರ್ಷ 2004-05 ಇದ್ದದ್ದು 2011-12 ಆದಾಗ ಸರಣಿ ಅಲ್ಲೇ ತುಂಡಾಗುತ್ತದೆ. ಎರಡನ್ನೂ ಎಳೆದು ಒಂದೇ ಗೆರೆ ಮಾಡದೆ ಬೇರೆ ಬೇರೆ ಸರಣಿಯಾಗಿಯೇ ಇಟ್ಟೆ.

ಬೇರೆ ಸೂಚಕಗಳಲ್ಲಿ ಬ್ಯಾಂಕಿನದು ಉಪಯೋಗಕ್ಕೆ ಬಂತು. ರಿಸರ್ವ್ ಬ್ಯಾಂಕ್ ಜಿಲ್ಲಾವಾರು ಠೇವಣಿ, ಸಾಲ ಎರಡನ್ನೂ ಮೂರು ತಿಂಗಳಿಗೊಮ್ಮೆ ಕೊಡುತ್ತದೆ. ಸಾಲದ ಅಂಕಿಯಲ್ಲಿ ಮಂಜೂರಾದ ಜಾಗ ಬೇರೆ, ಬಳಕೆಯಾದ ಜಾಗ ಬೇರೆ ಇರಬಹುದು. ಮುಂಬೈನಲ್ಲಿ ಸಹಿ ಬಿದ್ದ ಸಾಲದಿಂದ ಪೀಣ್ಯದಲ್ಲಿ ಯಂತ್ರ ಬಂದಿರುತ್ತದೆ. ಠೇವಣಿಯನ್ನೇ ಹಿಡಿಯುವುದು ವಾಸಿ.

ವಾಹನ ನೋಂದಣಿಯೂ ಚೆನ್ನಾಗಿದೆ, ಆರ್‌ಟಿಒ ಸಂಕೇತವನ್ನು ಜಿಲ್ಲೆಗೆ ಹೊಂದಿಸಿಕೊಂಡರೆ. ಕೆಎ 51 ಎಲೆಕ್ಟ್ರಾನಿಕ್ ಸಿಟಿ, 53 ಕೆ.ಆರ್. ಪುರ, 43 ದೇವನಹಳ್ಳಿ. ಹೊಸ ನೋಂದಣಿ ಮಾತ್ರ ತೆಗೆದುಕೊಳ್ಳಿ. ಒಟ್ಟು ವಾಹನ ಅನ್ನುವ ಅಂಕಿಯಲ್ಲಿ ಗುಜರಿಗೆ ಹೋದ ಸ್ಕೂಟರುಗಳೂ ಇನ್ನೂ ಓಡುತ್ತಿರುತ್ತವೆ.

ವಿದ್ಯುತ್ ಬಳಕೆಯನ್ನು ಹಾಕಲಿಲ್ಲ. ಬೆಸ್ಕಾಂ ಅಂದರೆ ಬೆಂಗಳೂರು ಅಂದುಕೊಳ್ಳುತ್ತೇವೆ. ಅದರ ವ್ಯಾಪ್ತಿ ಎಂಟು ಜಿಲ್ಲೆ, ದಾವಣಗೆರೆಯವರೆಗೆ.

ಉದ್ಯೋಗದ ವಿಷಯದಲ್ಲಿ ಊರುವಾರು ಕೈಗೆ ಸಿಗುವ ಕೊನೆಯ ದೊಡ್ಡ ಎಣಿಕೆ 2013-14ರ ಆರನೇ ಆರ್ಥಿಕ ಗಣತಿ. ಅದನ್ನೇ ಹಾಕಿ ವರ್ಷವನ್ನು ದಪ್ಪಕ್ಷರದಲ್ಲಿ ಬರೆದೆ.

ತಾಳೆ ನೋಡುವುದು

ಪಿಡಿಎಫ್‌ನಿಂದ ಕಿತ್ತ ಅಂಕಿಯನ್ನು ಹಾಗೇ ನಂಬುವಂತಿಲ್ಲ. ಪಿಡಿಎಫ್‌ನಿಂದ ಕೋಷ್ಟಕ ಕೀಳುವ ಟ್ಯಾಬುಲಾ ತಂತ್ರಾಂಶ ಎರಡು ಕಾಲಂಗಳನ್ನು ಅಂಟಿಸಿಬಿಟ್ಟರೂ ಅಂಕಿ ಅಂಕಿಯಂತೆಯೇ ಕಾಣುತ್ತದೆ. ಹಾಗಾಗಿ ಪ್ರತಿ ಘಟಕಕ್ಕೂ ಎರಡು ದಾರಿಯ ಕೂಡಿಕೆ ಇಟ್ಟೆ. ಬೆಂಗಳೂರು ನಗರ ಜಿಲ್ಲೆಯಲ್ಲಿ ಗಂಡಸರು 50,22,661, ಹೆಂಗಸರು 45,98,890. ಒಟ್ಟು 96,21,551. ನಗರ 87,49,944, ಗ್ರಾಮೀಣ 8,71,607. ಮತ್ತೆ 96,21,551. ಎರಡೂ ದಾರಿ ಒಂದೇ ಕಡೆ ಬಂದರೆ ಸಾಲು ಒಳಗೆ, ಇಲ್ಲವಾದರೆ ಕೈಯಿಂದ ಪುಟ ತೆರೆದು ನೋಡುವುದು. ಲಿಂಗಾನುಪಾತವನ್ನು ಪುಸ್ತಕದಿಂದ ಎತ್ತಿಕೊಳ್ಳದೆ ಲೆಕ್ಕ ಹಾಕಿಸುತ್ತೇನೆ. ಸಾವಿರ ಗಂಡಸರಿಗೆ 916 ಹೆಂಗಸರು ಅಂತ ಬರಬೇಕು, ಬರುತ್ತದೆ.

ಗಣತಿ ಪಟ್ಟಣಗಳ ಬಗ್ಗೆಯೂ ಎಚ್ಚರ ಬೇಕು. ಹೆಬ್ಬಗೋಡಿ, ಬೊಮ್ಮಸಂದ್ರ 2011ರಲ್ಲಿ ಆಡಳಿತದ ಕಾಗದದ ಮೇಲೆ ಹಳ್ಳಿ, ಗಣತಿಯ ಕಣ್ಣಿಗೆ ಪಟ್ಟಣ. 5,000 ಜನ, ದುಡಿಯುವ ಗಂಡಸರಲ್ಲಿ ಮುಕ್ಕಾಲು ಪಾಲು ಬೇಸಾಯ ಬಿಟ್ಟವರು, ಚದರ ಕಿ.ಮೀ.ಗೆ 400 ಜನ. ಈ ಮೂರೂ ಇದ್ದರೆ ಗಣತಿಯವರು ಪಟ್ಟಣ ಅನ್ನುತ್ತಾರೆ. ಪಂಚಾಯಿತಿ ಪಟ್ಟಿಯಿಂದಲೂ ಪಟ್ಟಣ ಪಟ್ಟಿಯಿಂದಲೂ ತಂದರೆ ಅದೇ ಜನ ಎರಡು ಸಲ ಎಣಿಕೆಯಾಗುತ್ತಾರೆ.

ಐದು ಪಾಲಿಕೆ, ಹಳೆಯ ವಾರ್ಡು

2011ರ ಅಂಕಿ ಇರುವುದು 198 ವಾರ್ಡುಗಳಿಗೆ. ಈಗ ಅದೇ ಜಾಗ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆ. ವಾರ್ಡಿನ ಗೆರೆಗಳೂ ಬೇರೆ. ಹಳೆಯ ಅಂಕಿಯನ್ನು ಹೊಸ ಪಾಲಿಕೆಗೆ ಹಂಚಲು ಕ್ಯೂಜಿಐಎಸ್ ಅನ್ನುವ ನಕ್ಷೆ ತಂತ್ರಾಂಶದಲ್ಲಿ ಎರಡೂ ನಕ್ಷೆಗಳನ್ನು ಒಂದರ ಮೇಲೊಂದು ಹಾಸಿದೆ. ವಾರ್ಡಿನ ಎಷ್ಟು ಭಾಗ ಆ ಕಡೆ ಹೋಗಿದೆಯೋ ಅಷ್ಟು ಜನರನ್ನು ಕಳಿಸುವುದು ಸುಲಭದ ದಾರಿ. ಆದರೆ ಬೆಳ್ಳಂದೂರು ಕೆರೆಯ ನೀರಿನ ಮೇಲೆ, ಲಾಲ್‌ಬಾಗಿನ ಬಂಡೆಯ ಮೇಲೆ ಯಾರೂ ಮನೆ ಕಟ್ಟಿಲ್ಲ. ಕೆರೆ, ಉದ್ಯಾನ, ಮಿಲಿಟರಿ ಜಾಗ ಕತ್ತರಿಸಿ ತೆಗೆದು, ಉಳಿದ ಕಟ್ಟಡ ಪ್ರದೇಶದ ಮೇಲೆ ಹಂಚಿದೆ. ಬಂದ ಅಂಕಿ ‘ಅಳತೆ’ ಕೋಷ್ಟಕಕ್ಕೆ ಹೋಗುವುದಿಲ್ಲ. ‘ಅಂದಾಜು’ ಅಂತ ಪ್ರತ್ಯೇಕ ಕೋಷ್ಟಕ ಇದೆ. 2020ಕ್ಕೆ ಬೆಂಗಳೂರು ಸುಮಾರು 1.23 ಕೋಟಿ ಅಂತ ವಿಶ್ವಸಂಸ್ಥೆ 2018ರಲ್ಲಿ ಕೊಟ್ಟ ಮುನ್ನೋಟವೂ ಅಲ್ಲೇ ಇದೆ. ಎಣಿಸಿದ್ದು ಒಂದು ಕಡೆ, ಊಹಿಸಿದ್ದು ಇನ್ನೊಂದು ಕಡೆ.

ಮುಂದಿನ ಗಣತಿಯ ಎಣಿಕೆ ದಿನಾಂಕ 1 ಮಾರ್ಚ್ 2027. ಅದಕ್ಕೆ ‘ಗಡಿ’ ಕೋಷ್ಟಕದಲ್ಲಿ ಐದು ಪಾಲಿಕೆಗಳ ಸಾಲುಗಳನ್ನು ಈಗಲೇ ತೆರೆದಿಟ್ಟಿದ್ದೇನೆ.

ಬೆಂಗಳೂರು, ಚೆನ್ನೈ, ಪುಣೆ, ಅಹಮದಾಬಾದ್ ಮುಗಿದವು. ಹೈದರಾಬಾದ್ ನಡೀತಿದೆ. 2016ರಲ್ಲಿ ತೆಲಂಗಾಣದ 10 ಜಿಲ್ಲೆ 31 ಆದವು, ಹಳೆಯ ರಂಗಾರೆಡ್ಡಿ ಜಿಲ್ಲೆ ಚೂರಾಯಿತು. ಮಂಡಲವಾರು (ಅಲ್ಲಿನ ತಾಲ್ಲೂಕಿನಂಥ ಘಟಕ) ಕೂಡಿಸಿ ಹಳೆಯದನ್ನು ಮತ್ತೆ ಹೊಲಿಯಬೇಕು. ಮುಂಬೈ ಯುಎ ಎರಡು ಮುಂಬೈ ಜಿಲ್ಲೆಗಳನ್ನು ದಾಟಿ ಠಾಣೆಗೂ ಚಾಚಿದೆ. 2014ರಲ್ಲಿ ಅದೇ ಠಾಣೆಯಿಂದ ಪಾಲ್ಘರ್ ಬೇರೆಯಾಯಿತು. ಕೋಲ್ಕತ್ತದ ಯುಎ ಹೌರಾ, ಹೂಗ್ಲಿ, ಎರಡೂ 24 ಪರಗಣಗಳ ತುಂಡುಗಳನ್ನು ಹಿಡಿದುಕೊಂಡಿದೆ. ಯಾವ ಜಿಲ್ಲೆಯೂ ಪೂರ್ತಿ ಒಳಗಿಲ್ಲ, ಕೋಲ್ಕತ್ತ ಒಂದನ್ನು ಬಿಟ್ಟು. ಅಲ್ಲಿ ತಲಾ ಆದಾಯದ ಕಾಲಂ ಖಾಲಿ ಬಿಟ್ಟೆ. ‘ಗೈಡು ಕೇಳ್ತಾರೆ ಮಾಮ’ ಅಂದಳು. ‘ಜಿಲ್ಲೆಗಳ ಪಟ್ಟಿ ತೋರಿಸು’ ಅಂದೆ. ಅದನ್ನು ಅನುಬಂಧಕ್ಕೆ ಸೇರಿಸಿ ಪ್ರಿಂಟ್ ತೆಗೆದುಕೊಂಡು ಹೋಗಿದ್ದಾಳೆ.